ಕೇಳಿದ ಮಾತು, ತಿಳಿದ ಅರ್ಥ

ಹುಬ್ಬಳ್ಳಿಯ ಕಿತ್ತೂರು ಚೆನ್ನಮ್ಮ ವೃತ್ತವನ್ನು ನಿಮ್ಮಲ್ಲಿ ಕೆಲವರಾದರೂ ನೋಡಿರಬಹುದು. ಹಲವು ದಾರಿಗಳು ಕೂಡುವ ಆ ಸ್ಥಳದಲ್ಲಿ ಬಸ್ಸುಗಳ ಹಾರನ್ನು, ಆಟೋರಿಕ್ಷಾಗಳ ಗದ್ದಲ, ಪೊಲೀಸರ ಸೀಟಿ ಇವೆಲ್ಲ ಒಂದರ ಮೇಲೊಂದು ಕಿವಿಗೆ ಬೀಳುತ್ತಿರುತ್ತವೆ. ಅಲ್ಲಿ ಬೈಕಿನ ಮೇಲೆ ಬಂದ ತರುಣನೊಬ್ಬನನ್ನು ಪೊಲೀಸರು ತಡೆದರೆಂದು ಭಾವಿಸೋಣ.

“ಲೈಸೆನ್ಸ್ ಐತೇನೋ ತಮ್ಮಾ?”

“ಐತ್ರಿ.”

ಅಷ್ಟು ಹೇಳಿ ಅವನು ಸುಮ್ಮನೆ ನಿಂತ. ಕೈ ಕಿಸೆಗೆ ಹೋಗಲಿಲ್ಲ. ಕಣ್ಣು ಪೊಲೀಸರ ಮುಖದತ್ತ ತಿರುಗಲಿಲ್ಲ.

“ಎದುರಿಗೆ ಪೊಲೀಸ್ ನಿಂತದ್ದು ಕಾಣಂಗಿಲ್ಲೇನು?”

“ಕಾಣತೈತ್ರಿ.”

ನೋಡುವವರಿಗೆ ಇದು ಉದ್ಧಟತನವೆಂದೇ ತೋರುತ್ತದೆ. ಆದರೆ ಅವನು ಎರಡು ಪ್ರಶ್ನೆಗಳಿಗೂ ನಿಜವಾದ ಉತ್ತರವನ್ನೇ ಕೊಟ್ಟಿದ್ದಾನೆ. ಲೈಸೆನ್ಸ್ ಇದೆಯೇ ಎಂದು ಕೇಳಿದರೇ ಹೊರತು, ತೋರಿಸೆಂದು ಯಾರೂ ಹೇಳಿರಲಿಲ್ಲ.

ಈ ತರುಣನಿಗಿರುವುದು ಸ್ವಲೀನತೆ, ಅಂದರೆ ಆಟಿಸಂ. ಅಮೆರಿಕದ ವೈದ್ಯ ಲಿಯೊ ಕ್ಯಾನರ್ 1943ರಲ್ಲಿ ಹನ್ನೊಂದು ಮಕ್ಕಳನ್ನು ಕುರಿತು ಬರೆದ ಲೇಖನದಿಂದ ಇದು ವೈದ್ಯಲೋಕದ ಗಮನಕ್ಕೆ ಬಂದಿತು. ಇದು ಅಂಟುವ ರೋಗವಲ್ಲ. ಹುಟ್ಟಿನಿಂದ ಬಂದ ಮಿದುಳಿನ ಬೆಳವಣಿಗೆಯ ಒಂದು ಭಿನ್ನ ರೀತಿ. ತನ್ನಲ್ಲಿಯೇ ಲೀನನಾದವನು ಎಂಬ ಅರ್ಥ ಕೊಡುವ ಕನ್ನಡದ ಹೆಸರು ನನಗೆ ಅಷ್ಟು ಒಪ್ಪಿಗೆಯಾಗಿಲ್ಲ. ಇಂಥವರಲ್ಲಿ ಅನೇಕರು ಮಾತನಾಡಲು ಬಯಸುವವರೇ. ಮಾತಿನ ಹಿಂದೆ ಅಡಗಿದ ಮಾತು ಅವರಿಗೆ ಬೇಗನೆ ಹೊಳೆಯುವುದಿಲ್ಲ. ಎಲ್ಲರೂ ವಾಹನ ನಡೆಸಲಾರರು, ನಡೆಸಬಲ್ಲವರೂ ಇದ್ದಾರೆ.

ಗದ್ದಲ, ಮಿನುಗುವ ದೀಪ, ಹಠಾತ್ತನೆ ಮೈಮುಟ್ಟುವ ಕೈ ಇವು ಅವರನ್ನು ಕಂಗೆಡಿಸಬಲ್ಲವು. ಬೈಕಿನ ಕೀಲಿಕೈಯನ್ನು ಒಮ್ಮೆಲೇ ಕಿತ್ತುಕೊಂಡರಂತೂ ಬಾಯಿಯೇ ಕಟ್ಟಿಹೋಗಬಹುದು. ಕೆಲವರು ಗಾಬರಿಯಲ್ಲಿ ಕೇಳಿದ ಮಾತನ್ನೇ ಮರಳಿ ನುಡಿಯುತ್ತಾರೆ. ಅದು ಅಣಕವೆಂದು ಕೇಳಿದವರಿಗೆ ಸಿಟ್ಟು ಬರುತ್ತದೆ, ದನಿ ಏರುತ್ತದೆ. ದನಿ ಏರಿದಷ್ಟೂ ಉತ್ತರ ದೂರವಾಗುತ್ತದೆ. ತಪ್ಪು ಮಾಡದವನು ತಪ್ಪಿತಸ್ಥನಂತೆ ಕಾಣುವುದು ಹೀಗೆ.

ಸಮವಸ್ತ್ರದಲ್ಲಿರುವ ಪೊಲೀಸರು ಕೇಳಿದಾಗ ಲೈಸೆನ್ಸ್ ತೋರಿಸಬೇಕೆಂಬುದು 1988ರ ಮೋಟಾರು ವಾಹನ ಕಾಯಿದೆಯ ನಿಯಮ. ಅದು ಎಲ್ಲರಿಗೂ ಅನ್ವಯಿಸುತ್ತದೆ. ಆದರೆ ಸ್ವಲೀನತೆಯನ್ನು ಹೆಸರಿಸಿ ಅಂಗವಿಕಲತೆಗಳ ಪಟ್ಟಿಯಲ್ಲಿ ಸೇರಿಸಿದ 2016ರ ಅಂಗವಿಕಲರ ಹಕ್ಕುಗಳ ಕಾಯಿದೆ, ಪೊಲೀಸರ ತರಬೇತಿಯಲ್ಲಿ ಈ ಹಕ್ಕುಗಳ ಪಾಠವೂ ಇರಬೇಕೆಂದು ವಿಧಿಸಿದೆ.

ಅಮೆರಿಕದ ಕನೆಕ್ಟಿಕಟ್ ರಾಜ್ಯದಲ್ಲಿ 2020ರಲ್ಲಿ ಒಂದು ಸರಳ ಉಪಾಯವನ್ನು ಜಾರಿಗೆ ತಂದರು. ಅದೊಂದು ನೀಲಿ ಲಕೋಟೆ. ಒಳಗೆ ವಾಹನದ ಕಾಗದಪತ್ರಗಳು. ಹೊರಗೆ ಪೊಲೀಸರಿಗೂ ಚಾಲಕನಿಗೂ ಸೂಚನೆಗಳು. ನಮ್ಮಲ್ಲಿ ಸರ್ಕಾರ ಕೊಡುವ ಅಂಗವಿಕಲರ ಗುರುತಿನ ಚೀಟಿಯನ್ನು ಲೈಸೆನ್ಸಿನ ಜೊತೆಯಲ್ಲೇ ಇಟ್ಟುಕೊಳ್ಳಬಹುದು. ಪೊಲೀಸರು ತಡೆದಾಗ ಏನು ಮಾಡಬೇಕೆಂಬುದನ್ನು ಮನೆಯವರು ಮೊದಲೇ ಅಭ್ಯಾಸ ಮಾಡಿಸಬಹುದು.

ಇನ್ನು ಚೆನ್ನಮ್ಮ ವೃತ್ತದಲ್ಲಿ ನಿಂತ ನಮ್ಮ ತರುಣ. ಅವನನ್ನು ರಸ್ತೆಯ ಬದಿಗೆ ಕರೆದು, “ಲೈಸೆನ್ಸ್ ತಗದು ನನ್ನ ಕೈಯಾಗ ಕೊಡು” ಎಂದು ಮೆಲ್ಲಗೆ ಒಮ್ಮೆ ಹೇಳಿ, ಹತ್ತು ಎಣಿಸುವಷ್ಟು ಹೊತ್ತು ಕಾದರೆ, ಅವನ ಕೈ ತಾನಾಗಿಯೇ ಕಿಸೆಗೆ ಹೋದೀತು.