ದುಂಡು ಮೊಹರು ಹುಟ್ಟಿದ್ದು ಹೀಗೆ

ಚೆಕ್ ದೇಶದ ಲಿಬೆರೆಟ್ಸ್ ನಗರದ ಪಕ್ಕದಲ್ಲಿ 1,012 ಮೀಟರ್ ಎತ್ತರದ ಯೆಶ್ಟೆಡ್ ಬೆಟ್ಟವಿದೆ. ಅದರ ನೆತ್ತಿಯ ಮೇಲಿನ ಕಟ್ಟಡ ಪೂರ್ಣಗೊಂಡದ್ದು 1973ರಲ್ಲಿ. ಹೋಟೆಲೂ ಅದೇ, ಟಿ.ವಿ. ಗೋಪುರವೂ ಅದೇ. ಬೆಟ್ಟದ ಇಳಿಜಾರೇ ನಿಲ್ಲದೆ ಆಕಾಶಕ್ಕೆ ಏರಿದಂತೆ ಕಾಣುವ ಆಕಾರ. ಈ ವಿನ್ಯಾಸಕ್ಕಾಗಿ ವಾಸ್ತುಶಿಲ್ಪಿ ಕರೆಲ್ ಹುಬಾಚೆಕ್ ಅವರಿಗೆ 1969ರಲ್ಲೇ ಅಂತರರಾಷ್ಟ್ರೀಯ ವಾಸ್ತುಶಿಲ್ಪಿಗಳ ಒಕ್ಕೂಟದ ಪೆರೆ ಪ್ರಶಸ್ತಿ ಬಂದಿತ್ತು.

ಅಂಥವರಿಗೂ ತಮ್ಮದೇ ಕಚೇರಿ ಉಳಿಸಿಕೊಳ್ಳಲಾಗಲಿಲ್ಲ. 1948ರಲ್ಲಿ ಕಮ್ಯುನಿಸ್ಟರು ಅಧಿಕಾರ ಹಿಡಿದ ಮೇಲೆ ಖಾಸಗಿ ಕಚೇರಿಗಳು ಮುಚ್ಚಿದವು; ವಾಸ್ತುಶಿಲ್ಪಿಗಳು 'ಸ್ತಾವೊಪ್ರೊಯೆಕ್ಟ್' ಎಂಬ ಸರ್ಕಾರಿ ವಿನ್ಯಾಸ ಸಂಸ್ಥೆಯ ನೌಕರರಾದರು. 1968ರಲ್ಲಿ ಹುಬಾಚೆಕ್ ಮತ್ತು ಸಂಗಡಿಗರು 'ಸಿಯಾಲ್' ಹೆಸರಿನಲ್ಲಿ ಹೊರಬಂದರು. ಅದೇ ವರ್ಷ ಸೋವಿಯತ್ ಟ್ಯಾಂಕುಗಳು ದೇಶಕ್ಕೆ ನುಗ್ಗಿದ ನಂತರದ ವರ್ಷಗಳಲ್ಲಿ ಅವರನ್ನು ಮತ್ತೆ ಅದೇ ಸಂಸ್ಥೆಯೊಳಕ್ಕೆ ಸೇರಿಸಲಾಯಿತು. ಮನೆ ಕಟ್ಟಿಸುವುದು, ನಕ್ಷೆ ಬರೆಯುವುದು, ಕಟ್ಟುವುದು, ಪರಿಶೀಲಿಸುವುದು ಬಹುತೇಕ ಎಲ್ಲವೂ ಸರ್ಕಾರದ್ದೇ. ಕಾರ್ಖಾನೆಯಲ್ಲಿ ಎರಕವಾದ ಕಾಂಕ್ರೀಟ್ ಹಲಗೆಗಳ ಸಾಲು ಸಾಲು ವಸತಿಗಳು ಎದ್ದವು. ಲಕ್ಷಾಂತರ ಕುಟುಂಬಗಳಿಗೆ ಅವು ಸೂರು ಕೊಟ್ಟವು, ಅದನ್ನು ಅಲ್ಲಗಳೆಯಲಾಗದು. ಆದರೆ ಗೋಡೆ ಬಿರುಕುಬಿಟ್ಟರೆ ಹೆಸರು ಹಿಡಿದು ಕೇಳಲು ಒಬ್ಬ ಮನುಷ್ಯ ಸಿಗುತ್ತಿರಲಿಲ್ಲ.

ಕಮ್ಯುನಿಸ್ಟ್ ಆಳ್ವಿಕೆಯನ್ನು ಮುಗಿಸಿದ 1989ರ ನವೆಂಬರ್ ಕ್ರಾಂತಿಯ ಬಳಿಕ ಬಾಗಿಲು ತೆರೆಯಿತು, ಖಾಸಗಿ ಕಚೇರಿಗಳು ಮರಳಿದವು. ಇನ್ನು ಹೊಣೆ ಹೊರುವವರು ಯಾರು?

ಉತ್ತರ ಬಂದದ್ದು 1992ರ ಮೇ 7ರಂದು, ಚೆಕ್ ಶಾಸನಸಭೆಯ 360ನೇ ಕಾಯ್ದೆಯಾಗಿ. ಅದರ ಪ್ರಕಾರ ಹೊಣೆ ಹೊರುವವರಿಗೆ ಪದವಿಯೊಂದೇ ಸಾಲದು, ಕೆಲಸದ ಅನುಭವ ಬೇಕು, ಪರೀಕ್ಷೆ ಗೆಲ್ಲಬೇಕು, ಪ್ರಮಾಣವಚನ ಸ್ವೀಕರಿಸಬೇಕು. ಆಮೇಲೆ ಕೈಗೆ ಬರುವುದು ಅಧಿಕಾರಪತ್ರ ಮತ್ತು ನಕ್ಷೆಗಳ ಮೇಲೆ ಒತ್ತುವ ದುಂಡು ಮೊಹರು; ವೃತ್ತಿ ನಡೆಸುವಾಗ, ತಪ್ಪಾದರೆ ಪರಿಹಾರ ಕೊಡಲು ವಿಮೆಯೂ ಇರಬೇಕು. ವಾಸ್ತುಶಿಲ್ಪಿಗಳಿಗೊಂದು, ಎಂಜಿನಿಯರು ಮತ್ತು ತಂತ್ರಜ್ಞರಿಗೊಂದು ಮಂಡಳಿಯೂ ಇದೇ ಕಾಯ್ದೆಯಿಂದ ಹುಟ್ಟಿತು. ಪರೀಕ್ಷೆ ನಡೆಸುವುದು ಮಂಡಳಿ, ಶಿಸ್ತುಕ್ರಮ ಕೈಗೊಳ್ಳುವುದೂ ಮಂಡಳಿ. ತಪ್ಪು ಘೋರವಾದರೆ ಅಧಿಕಾರಪತ್ರವೇ ಹೋಗುತ್ತದೆ.

ನನ್ನ ಮಟ್ಟಿಗೆ ಈ ಕಾಯ್ದೆಯ ತಿರುಳು ಇಲ್ಲಿದೆ. ನಾಲ್ಕು ದಶಕ ಎಲ್ಲವನ್ನೂ ತನ್ನ ಮುಷ್ಟಿಯಲ್ಲಿಟ್ಟುಕೊಂಡಿದ್ದ ಸರ್ಕಾರ, ಕ್ರಾಂತಿಯಾದ ಮೂರೇ ವರ್ಷದೊಳಗೆ, ವೃತ್ತಿಯನ್ನು ಕಾಯುವ ಕೆಲಸವನ್ನು ವೃತ್ತಿಯವರೇ ಆರಿಸಿಕೊಂಡ ಮಂಡಳಿಗೆ ಒಪ್ಪಿಸಿತು. ಮೊಹರು ಇದ್ದ ಮಾತ್ರಕ್ಕೆ ಕಟ್ಟಡ ಚೆಂದವಾಗುವುದಿಲ್ಲ, ನಿಜ. ಆದರೆ ಕಟ್ಟಡಕ್ಕೆ ಹೊಣೆಗಾರ ಯಾರೆಂದು ಅದು ಹೇಳುತ್ತದೆ.

ಕಾಯ್ದೆ ಹಲವು ತಿದ್ದುಪಡಿಗಳೊಡನೆ ಇಂದಿಗೂ ಜಾರಿಯಲ್ಲಿದೆ. ಆ ಮೊಹರಿನಲ್ಲಿ ಚೆಕ್ ಲಾಂಛನದ ಎರಡು ಬಾಲದ ಸಿಂಹವಿದೆ, ಜೊತೆಗೆ ಒಬ್ಬ ವಾಸ್ತುಶಿಲ್ಪಿಯ ಹೆಸರಿದೆ.