ಕೈಯೊಡ್ಡದವರ ಹಸಿವು

ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದೆಂಬ ಮಾತನ್ನು ನೀವು ಕೇಳಿಯೇ ಇದ್ದೀರಿ. ಅದು ಕೊಡುವವನಿಗೆ ಹೇಳಿದ ನೀತಿ. ಪಡೆಯುವವನ ಸಂಕೋಚವನ್ನು ಕುರಿತು ನಾವು ಯೋಚಿಸುವುದು ಕಡಿಮೆ. ಹಿಂದೆ ಎಷ್ಟೋ ಬಡ ವಿದ್ಯಾರ್ಥಿಗಳು ವಾರಾನ್ನದಿಂದ ಓದಿದರು. ದಿನಕ್ಕೊಂದು ಮನೆಯಲ್ಲಿ ಅನ್ನವೇನೋ ದೊರೆಯಿತು. ಬಡವನಾರೆಂಬುದು ಮಾತ್ರ ಊರಿಗೆಲ್ಲ ತಿಳಿಯಿತು. ಇಂದು ವಿದ್ಯಾರ್ಥಿವೇತನ ಬೇಕಾದವರು ಆದಾಯ ಪ್ರಮಾಣಪತ್ರವನ್ನು ತಂದು ಅರ್ಜಿ ಹಾಕಬೇಕು. ಪತ್ರ ದೊರೆತ ಬಳಿಕ ತಂದೆ ಹಾಸಿಗೆ ಹಿಡಿದರೆ ಆ ಪತ್ರ ಅದನ್ನು ಹೇಳಲಾರದು. ನಾಚಿಕೆಯಿಂದ ಅರ್ಜಿಯನ್ನೇ ಹಾಕದವರ ಸುದ್ದಿಯಂತೂ ಯಾವ ಕಚೇರಿಗೂ ಮುಟ್ಟದು.

ಚೀನದ ಹೆಫೆಯಿ ನಗರದಲ್ಲಿರುವ ವಿಜ್ಞಾನ ಮತ್ತು ತಂತ್ರಜ್ಞಾನ ವಿಶ್ವವಿದ್ಯಾಲಯವು 2004ರಲ್ಲಿ ಬೇರೊಂದು ದಾರಿ ಹಿಡಿಯಿತು. ಅಲ್ಲಿನ ಭೋಜನಶಾಲೆಯಲ್ಲಿ ವಿದ್ಯಾರ್ಥಿಗಳು ಕಾರ್ಡಿನಿಂದ ಹಣ ತೆರುತ್ತಾರೆ. ಆ ಲೆಕ್ಕವನ್ನು ನೋಡಿಯೇ ಕಷ್ಟದಲ್ಲಿರುವವರನ್ನು ಗುರುತಿಸಿ, ಸದ್ದಿಲ್ಲದೆ ನೆರವು ನೀಡುವ ಕ್ರಮವದು. 2016ರಲ್ಲಿ ನಾನ್‌ಜಿಂಗ್ ನಗರದ ಇನ್ನೊಂದು ವಿಶ್ವವಿದ್ಯಾಲಯವೂ ಇದೇ ಮಾರ್ಗದಲ್ಲಿ ನಡೆದು, 301 ವಿದ್ಯಾರ್ಥಿಗಳ ಕಾರ್ಡಿಗೆ ಅರ್ಜಿಯಿಲ್ಲದೆಯೇ ಹಣ ತುಂಬಿತು.

ಅವರು ಲೆಕ್ಕ ಹಾಕಿದ್ದು ಹೇಗೆ? ಖರ್ಚು ಕಡಿಮೆ ಎಂದ ಮಾತ್ರಕ್ಕೆ ಬಡವನೆನ್ನಲಾಗದು. ಉಳ್ಳವನು ಹೊರಗಿನ ಹೋಟೆಲಿನಲ್ಲಿ ಉಣ್ಣುತ್ತಿರಬಹುದು. ಆದುದರಿಂದ ತಿಂಗಳಿಗೆ 60ಕ್ಕಿಂತ ಹೆಚ್ಚು ಸಲ ಅಲ್ಲಿಯೇ ಉಂಡವರನ್ನು ಮೊದಲು ಆರಿಸಿದರು. ಅವರಲ್ಲಿ 420 ಯುವಾನ್‌ಗಿಂತ ಕಡಿಮೆ ವೆಚ್ಚ ಮಾಡಿದವರನ್ನು ಬೇರ್ಪಡಿಸಿದರು. ಎಂದರೆ ಒಂದು ಊಟಕ್ಕೆ 7 ಯುವಾನ್ ಕೂಡ ತೆರಲಾರದವರು. ಬಳಿಕ ವಿಚಾರಿಸಿ ಪಟ್ಟಿಯನ್ನು ಖಚಿತಪಡಿಸಿಕೊಂಡರು.

ಈ ವಿಚಾರಣೆ ಅತ್ಯಗತ್ಯ. 2013ರಲ್ಲಿ ಶಾಂಘಾಯಿಯ ವಿಶ್ವವಿದ್ಯಾಲಯವೊಂದು ಊಟದ ಖರ್ಚು ಇಳಿದುದನ್ನು ಕಂಡು, ಹಣದ ತೊಂದರೆಯುಂಟೇ ಎಂದು ವಿದ್ಯಾರ್ಥಿನಿಯೊಬ್ಬಳಿಗೆ ಸಂದೇಶ ಕಳುಹಿಸಿತು. ಆಕೆ ಮೈ ಇಳಿಸಲೆಂದು ಊಟ ಕಡಿಮೆ ಮಾಡಿದ್ದಳು! ಇದು ನಗುವ ತಪ್ಪು. ನಗಲಾಗದ ತಪ್ಪೂ ಒಂದುಂಟು: ದುಡ್ಡಿಲ್ಲದೆ ಹೊತ್ತಿನ ಊಟವನ್ನೇ ಬಿಡುವವನು 60ರ ಎಣಿಕೆಗೆ ಸಿಕ್ಕುವುದಿಲ್ಲ. ಎಲ್ಲರಿಗಿಂತ ಹೆಚ್ಚು ಹಸಿದವನೇ ಜರಡಿಯಿಂದ ಜಾರಿಹೋಗುತ್ತಾನೆ.

ಇದು ನಮ್ಮಲ್ಲಿ ನಡೆದೀತೇ? ಬೆಳಗ್ಗೆ ಬಿಜೈಯ ಬಸ್ ನಿಲ್ದಾಣದಲ್ಲಿ ಇಳಿಯುವ ಮಕ್ಕಳ ಚೀಲದಲ್ಲಿ ಬುತ್ತಿಯಿದೆಯೋ ಇಲ್ಲವೋ, ಕ್ಯಾಂಟೀನಿನ ಲೆಕ್ಕ ಅದನ್ನು ಹೇಳದು. ಎಲ್ಲರೂ ಒಂದೇ ಕಡೆ ಉಣ್ಣುವ ಹಾಸ್ಟೆಲುಗಳಲ್ಲಿ ಮಾತ್ರ ಈ ಕ್ರಮಕ್ಕೆ ಅರ್ಥವಿದೆ. ಅಲ್ಲಿಯೂ ಮಕ್ಕಳ ಒಪ್ಪಿಗೆ ಬೇಕು. ನಿವೃತ್ತ ನ್ಯಾಯಮೂರ್ತಿ ಪುಟ್ಟಸ್ವಾಮಿಯವರ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು 2017ರಲ್ಲಿ ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿದೆ. ಊಟದ ಲೆಕ್ಕ ನೆರವಿಗಷ್ಟೇ ಬಳಕೆಯಾಗಬೇಕು. ಯಾರು ಏನು ತಿಂದರೆಂಬ ಕಾವಲಿಗೆ ಸಲ್ಲದು. ಪಟ್ಟಿ ಗೋಡೆಗೆ ಏರಲೂಬಾರದು.

ಲೆಕ್ಕ ತೋರಿಸಲಾರದ್ದನ್ನು ಕಣ್ಣು ಕಂಡೀತು. ಮಧ್ಯಾಹ್ನದ ಹೊತ್ತಿಗೆ ಗೆಳೆಯನೊಬ್ಬ ದಿನವೂ ನೆವ ಹೇಳಿ ಎದ್ದುಹೋಗುತ್ತಾನೆಂದು ನಿಮ್ಮ ಮಗನೋ ಮಗಳೋ ಮನೆಯಲ್ಲಿ ಹೇಳಿದರೆ, ಆ ಮಾತನ್ನು ಕೇಳಿ ಮರೆಯದಿರಿ. ಅವನ ಅಧ್ಯಾಪಕರಿಗೆ ಗುಟ್ಟಾಗಿ ತಿಳಿಸಿರಿ. ಹೊಟ್ಟೆಯೂ ತುಂಬಲಿ, ಮಾನವೂ ಉಳಿಯಲಿ.