ದೊರೆತ ಸುರುಳಿಯೂ ಕೂಟಶಾಸನವೂ

ಎಲ್ಲಿಯೋ ಅಡಗಿದ್ದ ಚಿತ್ರಸುರುಳಿಗಳು ಕೈಗೆ ದೊರೆತುವೆಂದೂ ಅವನ್ನು ಇದ್ದಂತೆಯೇ ತೋರಿಸುತ್ತಿರುವೆವೆಂದೂ ಹೇಳಿಕೊಂಡು ಕಥೆಯನ್ನು ನಡೆಸುವ ಚಲನಚಿತ್ರಗಳ ಪಂಗಡವೊಂದುಂಟು. ಕನ್ನಡದ ‘6-5=2’ (2013) ಈ ಬಗೆಯದು. ಗುಪ್ತ ಆಕಾಶಯಾನವನ್ನು ಕುರಿತವುಗಳಲ್ಲಿ ‘ಅಪೊಲೊ 18’ (2011) ಹೆಸರಾದುದು. ಇದನ್ನು ಕಂಡ ವಿದ್ಯಾರ್ಥಿಯು “ಇದು ನಡೆದುದೇ?” ಎಂದು ಕೇಳಿದರೆ ಉತ್ತರಿಸುವ ಹೊಣೆ ಇತಿಹಾಸದ ಅಧ್ಯಾಪಕರಾದ ನಮ್ಮದು. ಏಕೆಂದರೆ ಪ್ರಶ್ನೆಯು ದಾಖಲೆಯ ಪ್ರಾಮಾಣ್ಯವನ್ನು ಕುರಿತುದು.

ಏಕಸಂಬಿಯ ನೇಮಿನಾಥ ಬಸದಿಯ 1165ರ ಶಾಸನವನ್ನು ನೋಡೋಣ. ಶಿಲಾಹಾರ ವಿಜಯಾದಿತ್ಯನ ಸೇನಾಪತಿ ಕಾಲಣನು ಬಸದಿಯನ್ನು ಕಟ್ಟಿಸಿದನೆಂದೂ ರಟ್ಟರ ಕಾರ್ತವೀರ್ಯನು ಅಲ್ಲಿಗೆ ಬಂದನೆಂದೂ ಅದು ತಿಳಿಸುತ್ತದೆ. ಕಲ್ಲು ಹೇಳಿತೆಂಬ ಮಾತ್ರಕ್ಕೆ ನಾವು ಇದನ್ನು ನಂಬುವುದಿಲ್ಲ. ಆ ಅರಸರ ಕಾಲವು ಇತರ ಶಾಸನಗಳೊಡನೆ ಹೊಂದುವುದರಿಂದ ನಂಬುತ್ತೇವೆ. ಲಿಪಿ, ತೇದಿಗಳನ್ನು ಹೀಗೆಯೇ ಒರೆಗೆ ಹಚ್ಚಿ ಜೆ. ಎಫ್. ಫ್ಲೀಟರು ಗಂಗರ ಹಲವು ತಾಮ್ರಪಟಗಳನ್ನು ಕೂಟಶಾಸನಗಳೆಂದರು.

ಅದೇ ಒರೆಗಲ್ಲನ್ನು ಚಿತ್ರಕ್ಕೂ ಬಳಸಬಹುದು. 1974ರ ಡಿಸೆಂಬರಿನಲ್ಲಿ ಅಮೆರಿಕೆಯು ಮೂವರನ್ನು ಗುಟ್ಟಾಗಿ ಚಂದ್ರನೆಡೆಗೆ ಕಳುಹಿಸಿತೆಂಬುದು ಅದರ ಹೇಳಿಕೆ. ಆದರೆ 18ನೆಯ ಅಪೊಲೊ ಯಾತ್ರೆಯನ್ನು 1970ರಲ್ಲಿಯೇ ಕೈಬಿಡಲಾಯಿತು; ಮನುಷ್ಯನು ಚಂದ್ರನ ಮೇಲೆ ಕೊನೆಯದಾಗಿ ಇಳಿದುದು 1972ರ ಡಿಸೆಂಬರಿನಲ್ಲಿ. ಯಾತ್ರಿಕರನ್ನು ಅಲ್ಲಿಗೆ ಒಯ್ಯಬಲ್ಲ ರಾಕೆಟ್ಟು ಆಗ ಅಮೆರಿಕೆಯಲ್ಲಿ ಇದ್ದುದು ಸ್ಯಾಟರ್ನ್ 5 ಒಂದೇ. ಸುಮಾರು 110 ಮೀಟರು ಎತ್ತರದ ಅದನ್ನು ಜನರ ಕಣ್ಣು ತಪ್ಪಿಸಿ ಹಾರಿಸುವುದು ಆಗದ ಮಾತು. ಹಾರಾಟಕ್ಕೆಂದು ಕಟ್ಟಿದವು 15. 1967ರಿಂದ 1973ರವರೆಗೆ ಹಾರಿದವು 13. ಉಳಿದೆರಡರ ಮೊದಲ ಹಂತಗಳು ಪ್ರದರ್ಶನದಲ್ಲಿವೆ. ಲೆಕ್ಕವು ಸರಿಹೋಗಿರುವಾಗ ಗುಪ್ತ ಯಾತ್ರೆಗೆ ವಾಹನವೆಲ್ಲಿ? ಇನ್ನೂ ಒಂದು ಸಂದೇಹವುಂಟು. ಯಾತ್ರಿಕರಲ್ಲಿ ಯಾರೂ ಹಿಂದಿರುಗದಿದ್ದರೆ ಚಂದ್ರನ ಮೇಲಿನ ಸುರುಳಿಗಳು ಭೂಮಿಗೆ ಬಂದ ಬಗೆ ಹೇಗೆ? ಚಿತ್ರದಲ್ಲಿ ಇದಕ್ಕೆ ತೃಪ್ತಿಕರವಾದ ಸಮಾಧಾನವಿಲ್ಲ. ತಾಮ್ರಪಟವಾಗಲಿ ಸುರುಳಿಯಾಗಲಿ, ಬಂದ ದಾರಿಯನ್ನು ಹೇಳಲಾರದ ದಾಖಲೆಯು ಶಂಕೆಗೆ ಅರ್ಹ.

ಹಾಗೆಂದು ಗುಪ್ತ ಯೋಜನೆಗಳೇ ಇರಲಿಲ್ಲವೆನ್ನಲಾಗದು. ಸೋವಿಯತ್ ಒಕ್ಕೂಟವು ಚಂದ್ರನಿಗೆ ಮನುಷ್ಯನನ್ನು ಕಳುಹಿಸಲು ನಿರ್ಮಿಸಿದ ಎನ್-1 ರಾಕೆಟ್ಟು 1969ರಿಂದ 1972ರೊಳಗೆ ನಾಲ್ಕು ಸಲ ವಿಫಲವಾಯಿತು. ಸರಕಾರವು ಮುಚ್ಚಿಟ್ಟಿದ್ದ ಈ ಸಂಗತಿಯು 1989ರ ಸುಮಾರಿಗೆ ಬಹಿರಂಗವಾಯಿತು. ಇದನ್ನು ನಾವು ಒಪ್ಪುವುದು ಯಂತ್ರಗಳೂ ಕಡತಗಳೂ ಕೆಲಸಮಾಡಿದವರ ಹೇಳಿಕೆಗಳೂ ಪರಸ್ಪರ ಹೊಂದುವುದರಿಂದ.

ಚಿತ್ರವನ್ನು ಕಥೆಯಾಗಿ ಸವಿಯುವುದಕ್ಕೆ ನಮ್ಮ ಆಕ್ಷೇಪವಿಲ್ಲ. ಆದರೆ ಅಲುಗುವ, ಮಸುಕಾದ ಬಿಂಬವನ್ನೇ ಸತ್ಯದ ಗುರುತೆಂದು ಬಗೆಯುವ ಅಭ್ಯಾಸವು ಬೆಳೆದರೆ, ಕೂಟಶಾಸನವನ್ನು ತೋರಿಸಿ ಹೊಲವನ್ನು ಕಸಿದುಕೊಳ್ಳುವವನ ಮುಂದೆಯೂ ನಾವು ನಿರುತ್ತರರಾಗಬೇಕಾದೀತು.